ಡಾಲ್ಫಿನ್ನಿಗೆ ಸಿಕ್ಕ ಮರ್ಯಾದೆ

ಕೆಂಪು ಬಾವುಟ ಮೇಲೆದ್ದಿತು. ಕಲ್ಲಿಕೋಟೆಯ ಕಡಲಲ್ಲಿ ಜೆಟ್ಟಿಗೆ ಕಂಬ ಬಡಿಯುತ್ತಿದ್ದ ದೈತ್ಯ ಸುತ್ತಿಗೆ ಗಪ್ಪನೆ ನಿಂತಿತು. ದೂರದಲ್ಲಿ ಡಾಲ್ಫಿನ್ನೊಂದು ಬೆನ್ನು ತೋರಿಸಿ ಮುಳುಗಿತು. ಬಾವುಟ ಹಿಡಿದವಳು ನನ್ನ ತಂಗಿಯ ಮಗಳು ಸುಮಾ. ಹೀಗೆ ಕಡಲು ಕಾಯುವುದೇ ಅವಳ ಉದ್ಯೋಗ.

"ಸದ್ದಿಗೆ ಅದರ ಕಿವಿ ಕೆಡ್ತದೆ ಮಾವ. ಅದು ದೂರ ಹೋಗೋಗಂಟ ಕೆಲ್ಸ ನಿಲ್ಲಬೇಕು. ಆಮೇಲೂ ಮೊದ್ಲು ಮೆಲ್ಲಗೆ ತಟ್ಟಬೇಕು."

ನನಗೆ ಹೊಟ್ಟೆ ಉರಿಯಿತು. ಘಟ್ಟದ ಮೇಲೆ ನಮ್ಮೂರು ಸುಲ್ತಾನ್ ಬತ್ತೇರಿಯಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಲಾಡ್ಜ್ ಏಳುತ್ತಿದೆ. ಬಂಡೆ ಒಡೆಯುವ ಯಂತ್ರಕ್ಕೆ ಹೆದರಿ, ತಲೆನೋವಿನ ನನ್ನಾಕೆ ಹಗಲೆಲ್ಲ ಕಿವಿಗೆ ಹತ್ತಿ ತುರುಕಿ ಕೂರುತ್ತಾಳೆ. ನಾನು ಸವಿನಯವಾಗಿ ಸಲ್ಲಿಸಿದ ವಿನಂತಿಗೆ ಮೇಸ್ತ್ರಿ ನಕ್ಕಿದ್ದ. ವೋಟೂ ಹಾಕದ ಪ್ರಾಣಿಗೆ ಇಲ್ಲಿ ಈ ವೈಭವ.

ಮರುದಿನ ಊರಿಗೆ ಮರಳಿ ಕೆಂಪು ಟವೆಲನ್ನು ಕೋಲಿಗೆ ಕಟ್ಟಿ ಗೋಡೆಯ ಮೇಲೆ ಎತ್ತಿ ಹಿಡಿದೆ. ಯಂತ್ರ ನಿಂತಿತು.

"ಎಂತಾ ಚೇಟ್ಟಾ? ಏನಾಯ್ತಣ್ಣಾ?" ಎಂದ ಮೇಸ್ತ್ರಿ, ಗಾಬರಿಯಿಂದ.

"ಮನೆಯವ್ಳು ಸ್ವಲ್ಪ ಮಲಗ್ಬೇಕು. ಎದ್ಮೇಲೆ ಮೊದ್ಲು ಮೆಲ್ಲಗೆ ತಟ್ಟಿ."

ಅವನು ಬಾವುಟವನ್ನೂ ನನ್ನನ್ನೂ ನೋಡಿ, ಆಳುಗಳನ್ನು ಚಹಾಕ್ಕೆ ಕಳಿಸಿದ.

ಒಳಗೆ ಆಕೆ ಕಿವಿಯ ಹತ್ತಿ ತೆಗೆದಿಟ್ಟು ನಿದ್ದೆಹೋಗಿದ್ದಳು. ಆದರೂ ಆ ಡಾಲ್ಫಿನ್ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಇಳಿದಿಲ್ಲ. ಅದಕ್ಕಾದರೆ ಬಾವುಟ ಹಿಡಿಯಲು ಸಂಬಳದ ಆಳುಂಟು. ನಮ್ಮಲ್ಲಿ ಆ ಹುದ್ದೆ ನನ್ನದೇ.