ಒಬ್ಬರದೇ ಚೀಟಿ, ಮನೆಮಂದಿಗೆಲ್ಲ ಗುಳಿಗೆ

ಮೊನ್ನೆ ಬಸವನ ಬಾಗೇವಾಡಿಯಲ್ಲಿ ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನ ಹೆಂಗಸು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿದಳು. ಆ ವಾಸನೆ ಬಂದದ್ದೇ ತಡ, ನಮ್ಮ ಸಿಸ್ಟರ್ ಅಕ್ಕನ ನೆನಪಾಯಿತು. ಚಳಿಗಾಲವಿಡೀ ಆಕೆಯ ಸೆರಗಿನಿಂದ ಇದೇ ವಾಸನೆ ಬರುತ್ತಿತ್ತು...

ಸಿಂದಗಿ ಕಡೆಯ ಒಂದು ಸಣ್ಣ ಸರ್ಕಾರಿ ದವಾಖಾನೆಯಲ್ಲಿ ಆಕೆ ನರ್ಸು, ನಾನು ಚೀಟಿ ಮಾಡುವವನು. ಬಂದ ರೋಗಿಯ ಹೆಸರು, ಕಾಯಿಲೆ ಎರಡನ್ನೂ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಆ ಲೆಕ್ಕ ನೋಡಿ ಮೇಲಿನ ಕಚೇರಿಯವರು, ಎಲ್ಲಿ ಜ್ವರ-ಕೆಮ್ಮಿನ ಚೀಟಿ ಹೆಚ್ಚೋ ಅಲ್ಲಿಗೆ ಫ್ಲೂ ದಿನಗಳಲ್ಲಿ ಹೆಚ್ಚು ನರ್ಸುಗಳನ್ನು ಕಳಿಸುತ್ತಾರೆ. ಕೇಳಲು ಎಷ್ಟು ಚೆಂದ! ಆದರೆ ತೊಗರಿ ರಾಶಿಯ ಕಾಲದಲ್ಲಿ ಯಾವ ಮನೆಯವರು ಎಲ್ಲರೂ ಎದ್ದು ಬರುತ್ತಾರೆ? ಸಂತೆಗೆ ಬಂದವನೊಬ್ಬ ಕಿಟಕಿಯಲ್ಲಿ ಮುಖ ತೂರಿಸಿ, "ಮನ್ಯಾಗ ಎಲ್ಲಾರೂ ಮಕ್ಕೊಂಡಾರ್ರಿ, ಎಲ್ಲಾರಿಗೂ ಸೇರಿಸಿ ಗುಳಿಗಿ ಕೊಡ್ರಿ" ಅನ್ನುತ್ತಿದ್ದ. ಅಕ್ಕ ಎಲ್ಲರಿಗೂ ಕಟ್ಟಿ ಕೊಡುತ್ತಿದ್ದಳು, ಆದರೆ ಎದುರಿಗೆ ನಿಂತವನಿಗೆ ಮಾತ್ರ ಚೀಟಿ ಎಂಬುದು ನಿಯಮ. ಜ್ವರ ಮನೆಗೆಲ್ಲ, ಲೆಕ್ಕಕ್ಕೆ ಅವನೊಬ್ಬ.

ಹೀಗಾಗಿ ಒಂದು ವರ್ಷ ಅಕ್ಕನ ಜೊತೆಗಿದ್ದ ಇನ್ನೊಬ್ಬ ನರ್ಸನ್ನು ಮುದ್ದೇಬಿಹಾಳದ ಕಡೆ ಕಳಿಸಿಬಿಟ್ಟರು. ಅಲ್ಲಿ ಚೀಟಿ ಹೆಚ್ಚಂತೆ. ಇಂಜೆಕ್ಷನ್ನು, ಸಲಾಯಿನ್ನು, ಹೆರಿಗೆ, ಎಲ್ಲಕ್ಕೂ ಅಕ್ಕ ಒಬ್ಬಳೇ ಆದಳು. ಮೇಲಿನ ಕಚೇರಿಗೆ ಫೋನು ಹಚ್ಚಿ ಬೇಡಿಕೊಂಡರೆ, ನಿಮ್ಮ ಲೆಕ್ಕದಲ್ಲಿ ಜ್ವರವೇ ಇಲ್ಲವಲ್ಲ ಅಂದರು. ಆಕೆ ಸೀದಾ ನನ್ನ ಹತ್ತಿರ ಬಂದಳು.

"ತಮ್ಮಾ, ನಿನ್ನ ಈ ಕಂಪ್ಯೂಟರ್ ಡಬ್ಬಿಗೆ ಮೊದಲ ಒಂದು ಸೂಜಿ ಚುಚ್ಚಬೇಕು ನೋಡು. ಇನ್ನ ಮ್ಯಾಲ ಯಾರಿಗೂ ಗುಳಿಗಿ ಕಟ್ಟಿ ಕೊಡೂದಿಲ್ಲ. ಎಲ್ಲಾರೂ ಬಂದು ಚೀಟಿ ಮಾಡಸ್ಲಿ."

"ಏಳಾಕ ಆಗಲಾರದವ್ರು ಹೆಂಗ ಬರ್ತಾರ ಅಕ್ಕಾ?"

"ಬರ್ಲಿಲ್ಲಂದ್ರ ಇನ್ನೊಬ್ಬಾಕಿ ಸಿಗಂಗಿಲ್ಲೋ. ನನಗೊಬ್ಬಾಕಿಗೆ ಆಗವಲ್ದು..."

ಬಂದರು. ಟಂಟಂ ತುಂಬ, ಟ್ರ್ಯಾಕ್ಟರ್ ತುಂಬ, ಕಂಬಳಿ ಹೊದ್ದುಕೊಂಡು ಬಂದರು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಕೆಮ್ಮು. ನಾನಂತೂ ಖುಷಿಯಿಂದ ಚೀಟಿ ಮಾಡಿದ್ದೇ ಮಾಡಿದ್ದು, ಇನ್ನು ನರ್ಸು ಬಂದೇ ಬರುತ್ತಾಳೆಂದು. ಮೇಲಿನವರು ಏನಂದರು ಗೊತ್ತೇ? ಈ ವರ್ಷದ ಹಂಚಿಕೆ ಮುಗಿದಿದೆ, ಈ ಅಂಕಿಗಳನ್ನು ಮುಂದಿನ ವರ್ಷಕ್ಕೆ ಹಿಡಿಯುತ್ತೇವೆ! ಮೈಯೆಲ್ಲ ಉರಿದುಹೋಯಿತು ನನಗೆ.

ಆ ಗದ್ದಲದಲ್ಲಿ ಅಕ್ಕನಿಗೂ ಜ್ವರ ಹತ್ತಿತು. ಮಲಗೆಂದು ಕೈಮುಗಿದೆ. "ನಾ ಮಕ್ಕೊಂಡ್ರ ಇವ್ರನ್ನ ಯಾರು ನೋಡ್ತಾರ?" ಎಂದು ಗೋಡೆ ಹಿಡಿದುಕೊಂಡು ಓಡಾಡಿದಳು. ಉಸಿರು ಸಿಗದಂತಾದಾಗ ಊರವರೇ ಗಾಡಿ ಮಾಡಿ ದೊಡ್ಡ ದವಾಖಾನೆಗೆ ಒಯ್ದರು. ತಿರುಗಿ ಬರಲಿಲ್ಲ...

ಆಕೆ ಹಟ ಹಿಡಿದು ಮಾಡಿಸಿದ ಚೀಟಿಗಳು ಮರುವರ್ಷ ಲೆಕ್ಕಕ್ಕೆ ಬಂದವು. ನಮಗೆ ಇಬ್ಬರು ನರ್ಸು ಬೇಕೆಂದು ಒಪ್ಪಿಕೊಂಡರು. ಬಂದವಳು ಮಾತ್ರ ಒಬ್ಬಳು, ಇಂಡಿ ಕಡೆಯ ಹುಡುಗಿ. ಅಂದಿನಿಂದ ಪ್ರತಿ ಚಳಿಗಾಲವೂ ಇನ್ನೊಬ್ಬಳಿಗಾಗಿ ಬರೆದೂ ಬರೆದೂ ಸಾಕಾಗಿದೆ. ಈ ಸಲವೂ ಪಡಸಾಲೆ ತುಂಬಿದೆ, ಆ ಹುಡುಗಿ ನಿನ್ನೆಯಿಂದ ಕೆಮ್ಮುತ್ತಿದ್ದಾಳೆ. ಹೆದರಿಕೆಯಾಗಿ ಇವತ್ತು ಮತ್ತೆ ಫೋನು ಮಾಡಿದೆ.

"ಅಲ್ರಿ, ನಿಮ್ಮಲ್ಲಿ ಇಬ್ರು ಅದಾರಲ್ರಿ" ಅಂದು ಆ ಕಡೆಯವರು ಎರಡು ಹೆಸರು ಓದಿದರು. ಮೊದಲನೆಯದು ಅಕ್ಕನದು.

"ಅಕ್ಕ ತೀರ್ಕೊಂಡಾಳ್ರೀ!" ಎಂದು ಅರಚಿದೆ.

"ಹೌದೇನ್ರಿ? ಲಿಸ್ಟಿನ್ಯಾಗ ಡ್ಯೂಟಿ ಮ್ಯಾಲ ಅದಾರ ಅಂತ ಐತ್ರಿ" ಅಂದರು.