ಸಾಹುಕಾರನಿಗೆ ಅರ್ಧ ಲೋಟ ನೀರು

ಗುರುವಾರ ಬೆಳಿಗ್ಗೆ ಏಳಕ್ಕೆ ಅನ್ನಮ್ಮ ಅರ್ಧ ಲೋಟ ನೀರು ಅಳೆದು ನಾಯಿಯ ಬೋಗುಣಿಗೆ ಸುರಿದರು. ನಾಲ್ಕು ಸಲ ನಾಲಗೆ ಆಡಿಸುವಷ್ಟರಲ್ಲಿ ನೀರು ಮುಗಿಯಿತು. ನಾಯಿ ಬೋಗುಣಿಯ ತಳ ನೆಕ್ಕಿ, ತಲೆ ಎತ್ತಿ ಅವರನ್ನೇ ನೋಡಿತು.

“ನನ್ನ ಯಾಕ ನೋಡ್ತಿ? ನಿಮ್ಮ ಸೋದರಮಾವನ್ನ ಕೇಳು,” ಎಂದರು ಅನ್ನಮ್ಮ.

ಅನ್ನಮ್ಮನಿಗೆ ನಲವತ್ತೆಂಟು. ಗಂಗಾವತಿಯ ಅಕ್ಕಿ ಗಿರಣಿಯೊಂದರ ಕಣದಲ್ಲಿ ಹದಿನಾರು ವರ್ಷದಿಂದ ಬೇಯಿಸಿದ ಭತ್ತ ಹರಡಿ ಒಣಗಿಸುತ್ತಾರೆ. ಕಣಕ್ಕೆ ನುಗ್ಗುವ ಹಂದಿ ಓಡಿಸುವುದು ನಾಯಿಯ ಕೆಲಸ. ಉಳಿದ ಹೊತ್ತೆಲ್ಲ ಚೀಲಗಳ ಮೇಲೆ ಕಾಲು ಚಾಚಿ ಮಲಗುವುದರಿಂದ ಅದಕ್ಕೆ ಸಾಹುಕಾರ ಎಂಬ ಹೆಸರು.

ಹಿಂದಿನ ವಾರದ ಕೊನೆಗೆ ಸಾಹುಕಾರನ ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಭತ್ತ ನೆನೆಸಿದ ಕಂದು ನೀರು ಕುಡಿದಿರಬೇಕು ಎಂದು ಕಣದವರು ಎರಡು ದಿನ ಸುಮ್ಮನಿದ್ದರು. ಸೋಮವಾರ ಹಂದಿ ಎದುರಿಗೆ ಬಂದರೂ ಅದು ಏಳಲಿಲ್ಲ. ಅನ್ನಮ್ಮ ಆಟೋದಲ್ಲಿ ಹಾಕಿಕೊಂಡು ಪಶುವೈದ್ಯೆ ಮಲ್ಲೇಶ್ವರಿ ಅವರ ಬಳಿ ಒಯ್ದರು.

ಉಣ್ಣಿ ಕಚ್ಚಿ ರಕ್ತಕ್ಕೆ ಪರಾವಲಂಬಿ ಜೀವಿ ಸೇರಿತ್ತು. ಅದು ಒಡೆದ ಕೆಂಪು ರಕ್ತಕಣಗಳ ಕಸ ಕಿಡ್ನಿಯ ಮೇಲೆ ಬಿದ್ದಿತ್ತು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಒಂದೂವರೆಯೊಳಗೆ ಇರಬೇಕಾದದ್ದು ನಾಲ್ಕಿತ್ತು. ವೈದ್ಯೆ ಚುಚ್ಚುಮದ್ದು ಕೊಟ್ಟು ಡ್ರಿಪ್ ಹಾಕಿದರು.

“ಮೂರು ದಿನ ನೋಡೂಣು. ಏರಿದ್ರ ರಕ್ತ ಸೋಸೋ ಮಷೀನಿಗೆ ಹಾಕಬೇಕಾಗತೈತಿ. ಅದಕ್ಕ ಬೆಂಗಳೂರಿಗೇ ಹೋಗಬೇಕು.”

ಆ ಮಷೀನು ಅನ್ನಮ್ಮನಿಗೆ ಗೊತ್ತಿತ್ತು. ಅವರ ಅಣ್ಣ ಪಂಪಣ್ಣ ಐದು ವರ್ಷದಿಂದ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಸುದ್ದಿ ಕೇಳಿ ಮೊದಲು ನಕ್ಕರು.

“ಬೆಂಗಳೂರು ಯಾಕ? ನಾಳಿ ನನ್ನ ಪಾಳಿ ಐತಿ, ಇವನ್ನ ಮಲಗಿಸು. ಸಿಸ್ಟರ್ ಕೇಳಿದ್ರ ಪಂಪಣ್ಣನ ತಮ್ಮ ಅನ್ನು.”

“ಅಣ್ಣಗಿಂತ ತಮ್ಮನ ತಲಿಮ್ಯಾಲೆ ಕೂದಲ ಭಾಳ ಅದಾವು ಅಂತಾರ, ಸುಮ್ಕಿರು.”

ಆಮೇಲೆ ಪಂಪಣ್ಣ ಗಂಭೀರವಾಗಿ ಬುದ್ಧಿ ಹೇಳಿದರು. “ಕಿಡ್ನಿ ಕೆಟ್ಟವರಿಗೆ ನೀರು ಭಾಳ ಕೊಡಬಾರದು. ನನಗ ದಿನಕ್ಕ ಒಂದ ಲೀಟರ್. ಇವಗ ಹೊತ್ತಿಗೆ ಅರ್ಧ ಲೋಟ ಸಾಕು.”

ಐದು ವರ್ಷ ಆಸ್ಪತ್ರೆ ಕಂಡವನ ಮಾತು. ಅನ್ನಮ್ಮ ಬೋಗುಣಿ ಎತ್ತಿಟ್ಟರು.

ಗುರುವಾರ ಮಧ್ಯಾಹ್ನ ಕ್ರಿಯಾಟಿನಿನ್ ಐದೂವರೆಗೆ ಏರಿತ್ತು. ಮಲ್ಲೇಶ್ವರಿ ನಾಯಿಯ ಕುತ್ತಿಗೆಯ ಚರ್ಮ ಎತ್ತಿ ಬಿಟ್ಟರೆ ಅದು ಎತ್ತಿದಲ್ಲೇ ನಿಂತಿತು.

“ನೀರು ಕುಡಿಯಾಕತ್ತಿಲ್ಲೇನು?”

“ಕುಡೀತೈತ್ರಿ. ಮುಂಜಾನಿ ಅರ್ಧ ಲೋಟ, ಸಂಜಿಗೆ ಅರ್ಧ.”

“ಯಾರು ಹೇಳಿದ್ರು?”

“ನಮ್ಮಣ್ಣರಿ. ಅವಗ ಡಯಾಲಿಸಿಸ್ ಐತ್ರಿ.”

ವೈದ್ಯೆ ನಕ್ಕೇಬಿಟ್ಟರು. ಡಯಾಲಿಸಿಸ್‌ನಲ್ಲಿರುವ ಎಷ್ಟೋ ಜನಕ್ಕೆ ಮೂತ್ರ ಹೋಗುವುದೇ ಕಡಿಮೆ, ಕುಡಿದ ನೀರು ಮೈಯಲ್ಲಿ ನಿಲ್ಲುತ್ತದೆ. ಸಾಹುಕಾರನಿಗೆ ಇನ್ನೂ ಮೂತ್ರ ಹೋಗುತ್ತಿದೆ, ಕಸ ತೊಳೆದುಹೋಗಲು ನೀರೇ ಬೇಕು ಎಂದು ಬಿಡಿಸಿ ಹೇಳಿದರು. ಬೆಂಗಳೂರಿನ ಮಾತನ್ನು ಎರಡು ದಿನ ಮುಂದೂಡಿ ಮತ್ತೆ ಡ್ರಿಪ್ ಹಚ್ಚಿದರು.

ಅಂದು ಸಂಜೆ ಅನ್ನಮ್ಮ ಬಕೆಟ್ ತುಂಬಿಸಿಟ್ಟರು. “ಡಾಕ್ಟರ್ ಪಂಪಣ್ಣ ಅವರ, ದವಾಖಾನಿ ಬಾಗಲಾ ಹಾಕ್ರಿ,” ಎಂದರು. ಪಂಪಣ್ಣ ಬೋಗುಣಿಯನ್ನು ಬಕೆಟ್‌ನಲ್ಲಿ ಅದ್ದಿ ಸಾಹುಕಾರನ ಮುಂದಿಟ್ಟರು.

ಶನಿವಾರ ಕ್ರಿಯಾಟಿನಿನ್ ಮೂರಕ್ಕೆ ಇಳಿಯಿತು. ಮಷೀನು ಬೇಡ ಎಂದರು ಮಲ್ಲೇಶ್ವರಿ. ಮೊದಲ ಚುಚ್ಚುಮದ್ದಿಗೆ ಎರಡು ವಾರ ತುಂಬುವ ದಿನ ಎರಡನೆಯದು. ಅದಕ್ಕೆ ಮೊದಲು ಇನ್ನೊಂದು ಸಲ ರಕ್ತ ಪರೀಕ್ಷೆ.