ಕೆಂಪಿಯ ನಾಲ್ಕನೆಯ ಮೊಳೆ

ಲಾಳ ಹೊಡೆಯುವವನಿಗೆ ಬೆಳಗಿನ ಜಾವ ಕುದುರೆ ಮೈದಾನದಲ್ಲಿ ಏನೂ ಕೆಲಸವಿಲ್ಲ. ಅವನ ಕೆಲಸವೆಲ್ಲ ಸಂಜೆಗೆ. ಆದರೂ ವೆಂಕಟರವಣಪ್ಪ ಐದು ಗಂಟೆಗೇ ಸ್ಕೂಟರ್ ಗಾಡಿ ಹೊರಗೆಳೆದ.

“ಏಮಯ್ಯಾ, ಇಷ್ಟೊತ್ತಿಗೆ ಎಲ್ಲಿಗೆ? ಕಾಫೀನಾದ್ರೂ ಕುಡ್ಕೊಂಡು ಹೋಗು,” ಎಂದಳು ಹೆಂಡತಿ ಅಮ್ಮಾಜಮ್ಮ.

“ಬಂದು ಕುಡೀತೀನಿ.”

ಕೆಂಚಾರ್ಲಹಳ್ಳಿ ದಾಟುವಾಗ ಕಾಫಿ ಕುಡಿದೇ ಬರಬಹುದಿತ್ತು ಎಂದುಕೊಂಡ. ದಾಟಿದ ಮೇಲೆ, ಇಷ್ಟು ನಿಧಾನಕ್ಕೆ ಯಾಕೆ ಹೋಗ್ತೀಯ ಎಂದು ಗಾಡಿಯನ್ನೇ ಬೈದ.

ಆಸಾಮಿ ಮೂವತ್ತು ವರ್ಷ ಚಿಂತಾಮಣಿ ಸಂತೆಯಲ್ಲಿ ಎತ್ತುಗಳಿಗೆ ಲಾಳ ಹೊಡೆದವನು. ಅಲ್ಲಿ ಮಾತುಕತೆಯಿಲ್ಲ. ಹಗ್ಗ ಹಾಕಿ ಕೆಡವು, ನಾಲ್ಕೂ ಕಾಲು ಕಟ್ಟು, ಹೊಡಿ. ಎತ್ತು ಒದ್ದಾಡುತ್ತದೆ, ಬುಸುಗುಡುತ್ತದೆ. ಮೊಳೆ ನೋಯಿಸಿತೋ ಹಗ್ಗ ನೋಯಿಸಿತೋ, ಯಾರು ಕೇಳಬೇಕು? ಟ್ರ್ಯಾಕ್ಟರು ಬಂದು ಎತ್ತುಗಳು ಹೋದವು. ಅಷ್ಟರಲ್ಲಿ ಊರಾಚೆ ರೇಸ್ ಕುದುರೆಗಳನ್ನು ಪಳಗಿಸುವ ಮೈದಾನವೊಂದು ಶುರುವಾಗಿ, ಇವನು ಐವತ್ತೈದರಲ್ಲಿ ಹೊಸದಾಗಿ ಕೆಲಸ ಕಲಿತ. ಮೊದಲ ದಿನ ಮಂಡಿ ಮುಟ್ಟಿದ್ದೇ ತಡ, ಕೆಂಪಿ ಎಂಬ ಹೆಣ್ಣು ಕುದುರೆ ತಾನಾಗಿ ಕಾಲೆತ್ತಿ ಇವನ ತೊಡೆಯ ಮೇಲಿಟ್ಟಿತು. ಅವತ್ತು ಅಮ್ಮಾಜಮ್ಮನಿಗೆ ಅದನ್ನೇ ಮೂರು ಸಲ ಹೇಳಿದ್ದ.

ಅದೇ ಕೆಂಪಿ ನಿನ್ನೆ ಸಂಜೆ ನಾಲ್ಕನೆಯ ಮೊಳೆ ಹೊಡೆಯುವಾಗ ಕಾಲನ್ನು ತುಸು ಎಳೆದುಕೊಂಡಿತ್ತು. ಸುತ್ತಿಗೆ ನಿಲ್ಲಲಿಲ್ಲ. ಎಳೆದಾಟಕ್ಕೆಲ್ಲ ನಿಲ್ಲುವುದನ್ನು ಆ ಕೈ ಕಲಿತೇ ಇರಲಿಲ್ಲ. ಊಟಕ್ಕೆ ಕೂತಾಗ ಹೊಳೆಯಿತು: ಕಟ್ಟದೇ ನಿಂತ ಪ್ರಾಣಿ ಸುಮ್ಮನೆ ಯಾಕೆ ಕಾಲೆಳೆಯುತ್ತದೆ? ಮೊಳೆ ಗೊರಸಿನೊಳಗಿನ ಹಸಿಮಾಂಸಕ್ಕೆ ತಾಗಿದ್ದರೆ, ಓಟದ ಭರದಲ್ಲಿ ಕುದುರೆ ಮುಗ್ಗರಿಸುತ್ತದೆ. ಮೇಲೆ ಕೂತವರ ಗತಿ ಹೇಳಬೇಕಾಗಿಲ್ಲ.

ಮೈದಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಕುದುರೆ ಓಡಿಸುವ ಶಿಡ್ಲಘಟ್ಟದ ಹುಡುಗಿ ಸಂಘಮಿತ್ರ ಕೆಂಪಿಯ ಮೇಲೆ ಕೂತು ಅದನ್ನು ಮೆಲ್ಲಗೆ ನಡೆಸುತ್ತಿದ್ದಳು. ನಡಿಗೆಯಲ್ಲಿ ಕುಂಟು ಕಾಣಲಿಲ್ಲ. ವೆಂಕಟರವಣಪ್ಪ ಬೇಲಿಯವರೆಗೆ ಹೋದ, ಗಾಡಿಯವರೆಗೆ ಬಂದ, ಮತ್ತೆ ಹೋದ. ಕೆಂಡದ ಮೇಲೆ ನಿಂತವನ ಹಾಗಿತ್ತು ಅವಸ್ಥೆ.

“ಏನ್ರೀ, ಬೆಳಬೆಳಗ್ಗೆ?” ಎಂದ ತರಬೇತುದಾರ ಮುರಳಿಮೋಹನ್, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು. “ಭಾನುವಾರ ಬೆಂಗಳೂರಲ್ಲಿ ರೇಸಿದೆ ಇವಳಿಗೆ. ಇವತ್ತು ಫುಲ್ ಸ್ಪೀಡ್.”

“ಒಳ್ಳೇದು ಸಾರ್,” ಎಂದ ಈ ಮಹಾನುಭಾವ!

ಹೇಳಿದರೆ ಕೆಲಸ ಹೋದೀತು. ಮೊಳೆ ಸರಿಯಾಗಿದ್ದುಬಿಟ್ಟರೆ ಮಾನವೂ ಹೋದೀತು. ಸಂಘಮಿತ್ರ ಕುದುರೆಯನ್ನು ಆಚೆ ತುದಿಯಲ್ಲಿ ತಿರುಗಿಸಿ, ಲಗಾಮು ಬಿಗಿಮಾಡಿ, ಮುಂದಕ್ಕೆ ಬಾಗಿದಳು. ವೆಂಕಟರವಣಪ್ಪ ಬೇಲಿಯಡಿ ನುಸುಳಿ ಓಟದ ದಾರಿಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತ.

“ನಿಲ್ಸಮ್ಮಾ! ಬಿಡಬ್ಯಾಡ, ನಿಲ್ಸು!”

ಮುರಳಿಮೋಹನ್ ಓಡಿಬಂದ. “ತಲೆ ಕೆಟ್ಟಿದ್ಯೇನ್ರೀ ನಿಮ್ಗೆ?”

“ನಾಲ್ಕನೇ ಮೊಳೆ ಸಾರ್. ನಾನೇ ಹೊಡ್ದಿದ್ದು. ತಪ್ಪಾಗೈತೆ ಅನ್ಸುತ್ತೆ.”

“ಅನ್ಸುತ್ತಾ? ತೆಗೀರಿ ಮೊದ್ಲು. ಸರಿ ಇದ್ರೂ ನಾಳೆಯಿಂದ ಬರ್ಬೇಡಿ, ತಪ್ಪಿದ್ರೂ ಬರ್ಬೇಡಿ!”

ವೆಂಕಟರವಣಪ್ಪ ಇಕ್ಕಳ ಹಿಡಿದು ಬಾಗಿ ಕುದುರೆಯ ಮಂಡಿ ಮುಟ್ಟಿದ. ಕೆಂಪಿ ಕಾಲು ಕೊಡಲಿಲ್ಲ. ಗೊರಸನ್ನು ಮಣ್ಣಿಗೊತ್ತಿ ಮುಖ ತಿರುಗಿಸಿತು. ಅವನಿಗೆ ಅಳು ಬಂತು.

“ಹಗ್ಗ ತನ್ರೋ!” ಎಂದು ಮುರಳಿಮೋಹನ್ ಲಾಯದ ಕಡೆಗೆ ಕೂಗಿದ.

“ಹಗ್ಗ ಬ್ಯಾಡ ಸಾರ್.” ಮಂಡಿಯ ಮೇಲೆ ಬರಿಯ ಅಂಗೈ ಇಟ್ಟು ಕಾದ. “ತಪ್ಪಾಯ್ತು ಕಣಮ್ಮಾ. ಇದೊಂದ್ಸಲ ಕೊಡು.”

ಎಷ್ಟು ಹೊತ್ತೋ. ಅಂಬಾಜಿದುರ್ಗದ ಬೆಟ್ಟದ ಮೇಲೆ ಬೆಳಕು ಹರಿಯಿತು. ಕೊನೆಗೆ ಕಾಲು ಮೇಲೆದ್ದು ಅವನ ತೊಡೆಯ ಮೇಲೆ ಕೂತಿತು. ಕಿತ್ತ ಮೊಳೆಯ ತುದಿ ಒದ್ದೆಯಾಗಿತ್ತು, ಕೆಂಪಗೆ.

ಸಂಘಮಿತ್ರ ಅದನ್ನು ನೋಡಿ, ಕೆಳಗಿಳಿದು ಕೆಂಪಿಯ ಕುತ್ತಿಗೆಗೆ ಒರಗಿಕೊಂಡಳು. ಮುರಳಿಮೋಹನ್ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿದ.

“ನಾಳೆ ಬನ್ನಿ,” ಎಂದ. “ಉಳಿದ ಕಾಲುಗಳನ್ನೂ ನೋಡ್ಬೇಕು.”

ವೆಂಕಟರವಣಪ್ಪನ ಕಿವಿಗೆ ಅದು ಬಿದ್ದಂತಿರಲಿಲ್ಲ. ಕುದುರೆಯ ಕಾಲನ್ನು ಕೆಳಗಿಳಿಸದೇ ಹಾಗೇ ಬಾಗಿ ನಿಂತಿದ್ದ.

“ನೋವು ಅಂತ ಅವೂ ಹೇಳ್ತಿದ್ವೇನೋ ಸಾರ್,” ಎಂದ.

“ಯಾವುವು?”

“ಎತ್ತುಗಳು.”